ಸಂದಿನ ನಾರು

ಹೆಬ್ಬೆರಳನ್ನು ಅವನು ಆ ಬಿರುಕಿನ ಮೇಲೆ ಒತ್ತಿ ಹಿಡಿದಿದ್ದ. ಒತ್ತಿದರೆ ಮುಚ್ಚಿಕೊಳ್ಳುತ್ತದೆ ಎಂಬ ಭ್ರಮೆ ಇರಲಿಲ್ಲ. ಸಂಗ್ರಹಾಲಯಕ್ಕಾಗಿ ಹಳೆಯ ಮರ ಉಳಿಸುವ ಕೆಲಸದಲ್ಲಿ ಅರ್ಧ ಆಯುಷ್ಯ ಕಳೆದವನಿಗೆ ಅಷ್ಟು ತಿಳಿಯದೆ? ಆದರೂ ಮಗುವಿನ ಮಂಡಿಯ ಗಾಯವನ್ನು ಹಿಡಿದ ಹಾಗೆ ಹಿಡಿದಿದ್ದ. ದೋಣಿಯ ಹೊಟ್ಟೆಯೊಳಗೆ ಅವನೊಬ್ಬನೇ ಇದ್ದ. ಮರ ಒಣಗಿ ಸೀಳದಿರಲೆಂದು ಮಂಜು ಹನಿಸುವ ಪೈಪುಗಳನ್ನು ಆಗಷ್ಟೇ ನಿಲ್ಲಿಸಿದ್ದರಿಂದ ಹಲಗೆಗಳೆಲ್ಲ ಬೆವರಿದಂತಿದ್ದವು, ಎಲ್ಲೋ ಒಂದು ಹನಿ ತಡೆದು ತಡೆದು ಬೀಳುತ್ತಿತ್ತು. ರಾತ್ರಿ ಹುಟ್ಟಿದ ಬಿರುಕೇ ಇರಬೇಕು, ಅಂಚು ಇನ್ನೂ ಬೆಳ್ಳಗಿತ್ತು. ಕೂದಲೆಳೆಯಷ್ಟು ಸಪೂರವಾಗಿ ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಬಾಗುಮರಗಳಲ್ಲಿ ಒಂದರ, ಎಡಮೈಯ ಪಕ್ಕೆಲುಬಿನ, ಬಾಗಿನಲ್ಲಿ ಶುರುವಾಗಿ ಕೆಳಕ್ಕೆ ಇಳಿದು, ಮೊಳೆಯ ತೂತಿನ ಹತ್ತಿರ ಕವಲೊಡೆದಿತ್ತು. ಬಲಮೈಯ ಪಕ್ಕೆಲುಬುಗಳನ್ನೆಲ್ಲ ಒಂದೊಂದಾಗಿ ಟಾರ್ಚು ಹಿಡಿದು ನೋಡಿ ಬಂದಿದ್ದ. ಅಲ್ಲಿ ಏನೂ ಆಗಿರಲಿಲ್ಲ. ಆಗುವುದಿಲ್ಲ ಎಂದು ನೋಡುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನೋಡಿದ್ದು ಯಾಕೆಂದರೆ, ಅಲ್ಲೂ ಒಂದು ಬಿರುಕು ಸಿಕ್ಕಿಬಿಟ್ಟರೆ ತಪ್ಪು ಮರದ ತಲೆಗೆ ಹೋಗುತ್ತಿತ್ತು.

ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅವನು ಮೊದಲು ಹೇಳಿಕೊಡುತ್ತಿದ್ದದ್ದೇ ಇದು. ಮರ ನೀರು ಕುಡಿದರೆ ಉಬ್ಬುತ್ತದೆ. ಉಬ್ಬಿದ ಹಲಗೆ ಪಕ್ಕದ ಹಲಗೆಯನ್ನು ನೂಕುತ್ತದೆ. ಎರಡರ ನಡುವಿನ ಸಂದಿನಲ್ಲಿ ಡಾಂಬರು ಹಚ್ಚಿದ ಹಗ್ಗದ ನಾರು ಇದ್ದರೆ, ಅದು ನೂಕಿಸಿಕೊಳ್ಳುತ್ತದೆ, ಒತ್ತೊತ್ತಾಗಿ ಕೂತು ನೀರನ್ನು ಹೊರಗೇ ನಿಲ್ಲಿಸುತ್ತದೆ. ಸಂದಿನಲ್ಲಿ ಕಲ್ಲಿನಂಥ ಪುಟ್ಟಿ ಇದ್ದರೆ ಅದು ಜಗ್ಗುವುದಿಲ್ಲ. ಆಗ ಜಗ್ಗಬೇಕಾದದ್ದು ಪಕ್ಕೆಲುಬು. ಜಗ್ಗಲಾರದೆ ಅದು ಬಿರಿಯುತ್ತದೆ. ಮಗ್ಗಿಯ ಹಾಗೆ ಬಾಯಿಗೆ ಬರುತ್ತಿದ್ದ ಈ ಪಾಠವನ್ನು ನಾಲ್ಕು ಜನಕ್ಕೆ ಹೇಳಿ ನಂಬಿಸಿದವನೇ, ಈ ದೋಣಿಯ ಎಡಮೈಯಿಂದ ಹಳೆಯ ನಾರನ್ನೆಲ್ಲ ಕೊಕ್ಕೆ ಹಾಕಿ ಕೀಳಿಸಿ, ಬಿಳಿ ಪುಟ್ಟಿ ತುಂಬಿಸಿದ್ದ. ಬಲಮೈಯ ಸರದಿ ಇನ್ನೂ ಬಂದಿರಲಿಲ್ಲ. ಇವತ್ತು ಬರುವುದಿತ್ತು. ಬೆಳಿಗ್ಗೆ ಟ್ರಸ್ಟಿನ ಅಧ್ಯಕ್ಷರೂ ಸಂಗ್ರಹಾಲಯದ ನಿರ್ದೇಶಕಿಯೂ ಬಂದು ನೋಡಿ ಹೂಂ ಅಂದರೆ, ಮಧ್ಯಾಹ್ನದಿಂದ ಬಲಮೈಯ ನಾರೂ ಹೋಗುತ್ತದೆ. ಅಲ್ಲಿಗೆ ಮುಗಿಯಿತು. ಬಂದರಿನ ಬಾಯಿಯ ಕೆಸರಿನಲ್ಲಿ ನಲವತ್ತು ಚಿಲ್ಲರೆ ವರ್ಷ ಮಲಗಿದ್ದ ಈ ಹೊರೆದೋಣಿ ದೊಡ್ಡ ಹಡಗುಗಳಿಂದ ಮೂಟೆ ಇಳಿಸಿಕೊಂಡು ದಕ್ಕೆಗೆ ತಂದು ಹಾಕುತ್ತಿದ್ದ ದೋಣಿಗಳಲ್ಲಿ ಕೊನೆಯದು. ಅದು ತೊಳೆದು ಬಳಿದುಕೊಂಡು ಸಂಗ್ರಹಾಲಯದ ಮುಂದಿನ ಕೊಳದಲ್ಲಿ ತೇಲಲಿತ್ತು.

ಗಟ್ಟಿ ಪುಟ್ಟಿ ಆಗಬಹುದು ಎಂದು ಅವನು ಸಭೆಯಲ್ಲಿ ಕೊಟ್ಟ ಕಾರಣಗಳು ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಹಳೆಯ ನಾರಿನಲ್ಲಿ ಹುಳ ಹಿಡಿಯುತ್ತದೆ, ಡಾಂಬರು ಒಸರಿ ಹಲಗೆಯ ಮೇಲೆ ಕಲೆಯಾಗುತ್ತದೆ, ಕೊಳ ಎಂದರೆ ಸಮುದ್ರವಲ್ಲವಾದ್ದರಿಂದ ಉಬ್ಬು ಹೆಚ್ಚಿರುವುದಿಲ್ಲ. ಯಾರೂ ಎದುರು ಹೇಳಲಿಲ್ಲ. ಎದುರು ಹೇಳುವಷ್ಟು ತಿಳಿದವನು ಅಲ್ಲಿ ಅವನೊಬ್ಬನೇ. ನಿಜ ಏನೆಂದರೆ, ಕೆಸರು ತೊಳೆದ ಮೊದಲ ವಾರ ದೋಣಿ ಇಟ್ಟಿದ್ದ ಷೆಡ್ಡಿಗೆ ಕಾಲಿಟ್ಟ ಕೂಡಲೇ ಆ ವಾಸನೆ ಅವನ ಕತ್ತಿನ ಪಟ್ಟಿ ಹಿಡಿದಿತ್ತು. ಡಾಂಬರು, ಉಪ್ಪು, ಕೊಳೆತ ಹಗ್ಗ, ಅದರ ಕೆಳಗೆ ಇನ್ನೊಂದು, ಹೆಂಗಸರ ಬೆವರಿನದು. ನಲವತ್ತು ವರ್ಷದ ಕೆಸರು ಅದನ್ನು ಕಾಪಿಟ್ಟು, ಇದು ನಿನ್ನದು ತಗೋ ಎಂದು ತಂದು ಕೊಟ್ಟಿತ್ತು. ಅವತ್ತು ಮನೆಗೆ ಹೋದವನು ಅಂಗಿಯನ್ನು ಬಾಲ್ಕನಿಯಲ್ಲೇ ಬಿಚ್ಚಿ ನೆನೆಹಾಕಿದ್ದ. ಒಳಗಿನ ಕೋಣೆಯಿಂದ ಅಮ್ಮ ಕೂಗಿ ಕೇಳಿದ್ದಳು, "ಯಾರು ಬಂದಿದಾರೋ?" ಯಾರೂ ಇಲ್ಲ ಅಂದಿದ್ದ. "ಯಾರೋ ಗುರುತಿನವರು ಬಂದ ಹಾಗಾಯ್ತಪ್ಪ."

ದಕ್ಕೆಯ ಹಿಂದೆ ಒಂದು ಉದ್ದನೆಯ ತಗಡಿನ ಕೊಟ್ಟಿಗೆಯಿತ್ತು. ಹಡಗುಗಳು ಬಿಸಾಡಿದ ಹಳೆಯ ಹಗ್ಗಗಳನ್ನು ಅಲ್ಲಿ ಬೆಟ್ಟದ ಹಾಗೆ ರಾಶಿ ಹಾಕುತ್ತಿದ್ದರು. ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತ ಹೆಂಗಸರು ಆ ಹಗ್ಗವನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿ ನಾರು ಮಾಡುತ್ತಿದ್ದರು. ಹಗ್ಗವೋ, ಡಾಂಬರು ಕುಡಿದು ಕುಡಿದು ಬೇರಿನಷ್ಟು ಗಟ್ಟಿಯಾದದ್ದು. ಅದನ್ನು ಮೊದಲು ತೊಡೆಯ ಮೇಲೆ ಉರುಳಿಸಬೇಕು, ಆಮೇಲೆ ಉಗುರು ಹಾಕಿ ಸಿಗಿಯಬೇಕು. ಉಗುರು ಹೋದ ಮೇಲೆ ಬೆರಳಿನ ತುದಿ, ತುದಿ ಸವೆದ ಮೇಲೆ ಗೆಣ್ಣು. ಗಂಡಸರು ಆ ನಾರನ್ನು ಮೊಂಡು ಉಳಿಯಿಂದ, ಕೊಡತಿಯಿಂದ, ಟಣ್ ಟಣ್ ಎಂದು ಹೊಡೆದು ದೋಣಿಯ ಸಂದಿಗೆ ತುಂಬುತ್ತಿದ್ದರು. ಆ ಟಣ್ ಟಣ್ ಊರಿಗೆಲ್ಲ ಕೇಳುತ್ತಿತ್ತು. ಬಿಡಿಸುವುದು ಯಾರಿಗೂ ಕೇಳುತ್ತಿರಲಿಲ್ಲ. ಅಮ್ಮ ಬೆಳಿಗ್ಗೆ ಬಿಳಿ ಹೆಂಗಸಾಗಿ ಹೋಗಿ ಸಂಜೆ ಕರಿ ಹೆಂಗಸಾಗಿ ಬರುತ್ತಾಳೆ ಎಂದು ಅವನು ಚಿಕ್ಕವನಿದ್ದಾಗ ಹೇಳಿ ಎಲ್ಲರನ್ನೂ ನಗಿಸಿದ್ದನಂತೆ. ಶಾಲೆಗೆ ಸೇರಿದ ಮೇಲೆ ಅದು ನಗೆಯಾಗಿ ಉಳಿಯಲಿಲ್ಲ. ಅವಳ ಕೈಯ ವಾಸನೆ ಅವನ ಊಟದ ಡಬ್ಬಿಗೆ ಬರುತ್ತಿತ್ತು, ಪುಸ್ತಕದ ರಟ್ಟಿಗೆ ಬರುತ್ತಿತ್ತು, ತಲೆ ಬಾಚಿ ಕಳಿಸಿದರೆ ಕೂದಲಿಗೆ ಬರುತ್ತಿತ್ತು. ಹುಡುಗರು ಡಾಂಬರು ಎಂದು ಹೆಸರಿಟ್ಟರು. ಮೇಷ್ಟ್ರು ಹೆಸರಿಡಲಿಲ್ಲ, ಕಿಟಕಿಯ ಪಕ್ಕ ಹೋಗಿ ಕೂತ್ಕೋಪ್ಪ, ನಿನಗೂ ಗಾಳಿ, ನಮಗೂ ಗಾಳಿ, ಎಂದರು. ಅದೇ ಹೆಚ್ಚು ನಾಟಿತು. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಬದುಕಬಹುದಿತ್ತು.

"ಸಾರ್, ದೋಣಿಗೆ ಜ್ವರ ಏನಾದ್ರೂ ಬಂದಿದ್ಯಾ? ಮೈ ಮುಟ್ಟಿ ನೋಡ್ತಿದೀರಿ."

ಏಣಿಯ ತುದಿಯಲ್ಲಿ ಮೇಸ್ತ್ರಿಯ ತಲೆ ಕಾಣಿಸಿತು. ಅವನು ಬೆರಳು ತೆಗೆಯದೆ ಮೈಯನ್ನಷ್ಟೇ ಓರೆ ಮಾಡಿ ಬಿರುಕನ್ನು ಮರೆಮಾಡಿದ. ಹಾಗೆ ಮಾಡಿದ್ದು ತಿಳಿದು ತಾನೇ ನಾಚಿದ.

"ಏನಿಲ್ಲ. ತೇವ ನೋಡ್ತಿದ್ದೆ."

"ನೀರಿನಡಿ ಇದ್ದಷ್ಟು ದಿನ ಗುಂಡುಕಲ್ಲಿನ ಹಾಗಿತ್ತು. ನೆಂಟರ ಮನೆಗೆ ಬಂದದ್ದೇ ಕಾಯಿಲೆ." ಮೇಸ್ತ್ರಿ ನಕ್ಕು ಗಲ್ಲ ಕೆರೆದುಕೊಂಡ. ದೋಣಿ ಕಟ್ಟುವ ಜಾಗಗಳೆಲ್ಲ ಮುಚ್ಚಿದ ಮೇಲೆ ಕಟ್ಟಡದ ಕೆಲಸಕ್ಕೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದ ಮನುಷ್ಯ, ಮಾತಿಗೆ ಬಡತನವಿಲ್ಲ. "ದೊಡ್ಡವರು ಬಂದ್ರು ಸಾರ್. ಕಾರು ನಿಲ್ಸೋಕೆ ಜಾಗ ಹುಡುಕ್ತಿದಾರೆ. ಮಧ್ಯಾಹ್ನ ಬಲಗಡೆ ಶುರು ಮಾಡೋದೇ ತಾನೆ? ಕೊಕ್ಕೆಗಳನ್ನ ಮಸೆದು ಇಟ್ಟಿದೀನಿ."

"ನೋಡೋಣ."

"ನೋಡೋಣ ಅಂದ್ರೆ ಹೂಂ ಅಂತನೋ ಊಹೂಂ ಅಂತನೋ?"

ಅವನು ಏಣಿ ಇಳಿಯುವಾಗ ಹೆಬ್ಬೆರಳನ್ನು ನೋಡಿಕೊಂಡ. ಬಿರುಕಿನ ಗೆರೆ ತೆಳ್ಳಗೆ ಅಚ್ಚಾಗಿತ್ತು. ಹೇಳುವುದು ಸುಲಭ. ಎಡಗಡೆ ಪುಟ್ಟಿ ತಪ್ಪು, ಪಕ್ಕೆಲುಬು ಬಿರಿದಿದೆ, ಬಲಗಡೆಯ ನಾರು ಮುಟ್ಟಬೇಡಿ, ಎಡಗಡೆಯ ಪುಟ್ಟಿ ತೆಗೆದು ಮತ್ತೆ ನಾರು ತುಂಬೋಣ. ನಾಲ್ಕು ಮಾತು. ಆದರೆ ಐದನೆಯ ಮಾತನ್ನು ಅವರು ಕೇಳುತ್ತಾರೆ: ಹಾಗಾದರೆ ನೀವೇ ಯಾಕೆ ಪುಟ್ಟಿ ಅಂದಿರಿ? ಗೊತ್ತಿರಲಿಲ್ಲ ಎನ್ನಲು ಬರುವಂತಿಲ್ಲ. ಗೊತ್ತಿತ್ತು. ಗೊತ್ತಿದ್ದವನು ತಪ್ಪು ಹೇಳಿದ್ದಕ್ಕೆ ಒಂದೇ ಕಾರಣ, ಅದು ಅಮ್ಮನ ಕೈಯಲ್ಲಿತ್ತು.

ಅಧ್ಯಕ್ಷರು ದೋಣಿಯ ಸುತ್ತ ನಡೆಯುತ್ತಿದ್ದರು. ದೋಣಿ ಕಟ್ಟಿಸಿದ ಯಜಮಾನರ ಮೊಮ್ಮಗ. ಮೃದುವಾದ ದನಿ, ಒಳ್ಳೆಯ ಬೂಟು, ನೆಲದ ನೀರಿನ ಮೇಲೆ ಬೆಕ್ಕಿನಂತೆ ಹೆಜ್ಜೆ. ಮುಂತಲೆಯ ಹಲಗೆಯ ಮೇಲೆ ಅಂಗೈ ಇಟ್ಟು, "ತಾತನ ಕೈ ಮುಟ್ಟಿದ ಹಾಗಾಗುತ್ತೆ," ಎಂದರು. ಅವರ ಕಣ್ಣು ನಿಜವಾಗಿ ತೇವವಾಗಿತ್ತು. ಆಮೇಲೆ ಕರವಸ್ತ್ರ ತೆಗೆದು, ಮೊದಲು ಕಣ್ಣನ್ನಲ್ಲ, ಅಂಗೈಯನ್ನು ಒರೆಸಿಕೊಂಡರು. ಅವನಿಗೆ ಬೇರೊಂದು ಕರವಸ್ತ್ರ ಕಂಡಿತು. ಶಾಲೆಯ ಬಹುಮಾನದ ದಿನ ಅವನು ಅಮ್ಮನನ್ನು ನಲ್ಲಿಯ ಮುಂದೆ ಕೂರಿಸಿ, ಸೀಮೆಎಣ್ಣೆ ಸುರಿದು ಮರಳು ಹಾಕಿ ಅವಳ ಕೈಗಳನ್ನು ಉಜ್ಜಿದ್ದ. ಅವಳು ತೋರಿಸು ಎಂದ ಕಡೆ ತೋರಿಸಿದಳು, ತಿರುಗಿಸು ಎಂದರೆ ತಿರುಗಿಸಿದಳು. ಸಣ್ಣಗೆ ರಕ್ತ ಬಂದರೂ ಕಪ್ಪು ಹೋಗಲಿಲ್ಲ. "ಪಾತ್ರೆ ಆಗಿದ್ರೆ ಹೊಳೀತಿತ್ತು ಕಣೋ," ಎಂದಳು. ಬಹುಮಾನ ಕೊಡಲು ಬಂದಿದ್ದ ದೊಡ್ಡ ಮನುಷ್ಯ, ತಾಯಿ ಎಂದು ತಿಳಿದು ತಾನಾಗಿ ಅವಳ ಕೈ ಹಿಡಿದು ಕುಲುಕಿದ. ಕುಲುಕಿ, ಕರವಸ್ತ್ರ ತೆಗೆದ. ದಾರಿಯುದ್ದಕ್ಕೂ ಅಮ್ಮ ನಗುತ್ತ ಬಂದಳು: ಪಾಪ, ಆ ಬಟ್ಟೆ ಕೆಟ್ಟುಹೋಯ್ತು, ಇನ್ನು ಅದನ್ನ ಯಾರು ಒಗೀತಾರೋ. ಅವನು ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ, ಕೈಯಲ್ಲಿ ಬಹುಮಾನದ ನಿಘಂಟು.

ನಿರ್ದೇಶಕಿ ಗೋಡೆಗೆ ಒರಗಿಸಿಟ್ಟಿದ್ದ ಫಲಕದ ನಕ್ಷೆ ತೋರಿಸುತ್ತಿದ್ದರು. ಕಟ್ಟಿಸಿದವರ ಹೆಸರು ದಪ್ಪಕ್ಷರದಲ್ಲಿ, ಕಟ್ಟಿದ ಬಡಗಿಯ ಹೆಸರು ಅದರ ಕೆಳಗೆ ಸಣ್ಣದಾಗಿ. ಹಲಗೆ ಯಾವ ಮರದ್ದು, ಎಷ್ಟು ಮೂಟೆ ಹೊರುತ್ತಿತ್ತು, ಎಲ್ಲವೂ ಇತ್ತು. ಬಡಗಿ ಒಮ್ಮೆ ಕಟ್ಟಿದ. ಯಜಮಾನ ಒಮ್ಮೆ ಕಟ್ಟಿಸಿದ. ಆಮೇಲೆ ಪ್ರತಿ ವರ್ಷ ಅದನ್ನು ಮುಳುಗದ ಹಾಗೆ ನೋಡಿಕೊಂಡವರು? ಕೊಟ್ಟಿಗೆಯ ಸಾಲು ಸಾಲು ಹೆಂಗಸರ ಹೆಸರಿಗೆ ಫಲಕದಲ್ಲಿ ಜಾಗವಿರಲಿಲ್ಲ, ಸಂದಿನಲ್ಲಿ ಇತ್ತು. ಆ ಸಂದನ್ನೇ ಅವನು ಅರ್ಧ ಕೆರೆದು ಹಾಕಿಸಿದ್ದ. ಹೊರಗಿನವರು ಮಾಡಿದ್ದರೆ ಅನ್ಯಾಯ ಎಂದು ಕೂಗಬಹುದಿತ್ತು. ಓದುವ ವಯಸ್ಸಿನಲ್ಲಿ ಗೆಳೆಯರ ಜೊತೆ ಕೂತು ದುಡಿಯುವ ಕೈಗಳ ಬಗ್ಗೆ ಎಷ್ಟು ಗಂಟೆ ಕೂಗಿರಲಿಲ್ಲ ಅವನು! ಆ ಗೆಳೆಯರಲ್ಲಿ ಒಬ್ಬನನ್ನೂ ಮನೆಗೆ ಕರೆದಿರಲಿಲ್ಲ.

"ಎಡಗಡೆ ಎಷ್ಟು ನೀಟಾಗಿದೆ ನೋಡಿ. ಬಲಗಡೆ ಕಣ್ಣಿಗೇ ಹೊಡೆಯುತ್ತೆ," ಎಂದರು ನಿರ್ದೇಶಕಿ. "ಇವತ್ತೇ ಶುರು ಮಾಡಿಬಿಡೋಣ ಅಲ್ವಾ? ಈ ಕಸ ಒಂದು ಹೋದ್ರೆ ವಾಸನೆಯೂ ಹೋಗುತ್ತೆ. ಶಾಲೆ ಮಕ್ಕಳು ಬರ್ತಾರೆ ನಾಳೆ ದಿನ."

"ಅದು ಕಸ ಅಲ್ಲ," ಎಂದ ಅವನು.

ದನಿ ಬೇಕಾದದ್ದಕ್ಕಿಂತ ದೊಡ್ಡದಾಯಿತು. ಮೇಸ್ತ್ರಿ ತಲೆಯೆತ್ತಿದ. ಈಗ ಬಿರುಕಿನ ಮಾತು ಬರಬೇಕಿತ್ತು. ನಾಲಗೆಯ ಮೇಲೆ ಸಿದ್ಧವಾಗಿ ಕೂತಿತ್ತು. ಆದರೆ ಬಾಯಿಂದ ಬಿದ್ದದ್ದು ಅಷ್ಟು ವರ್ಷ ಹೆಂಡತಿಗೂ ಹೇಳದ ಮಾತು. "ಅದನ್ನ ನಮ್ಮಮ್ಮ ಬಿಡಿಸಿದ್ದು. ಈ ದಕ್ಕೆ ಹಿಂದಿನ ಕೊಟ್ಟಿಗೇಲಿ. ಅವಳೂ, ಅವಳ ಜೊತೆಯವರೂ. ಕೈಯಲ್ಲಿ. ಅವಳ ಕೈ ಈಗಲೂ ಹಾಗೇ ಇದೆ."

ಏಟಿಗೆ ಕಾದವನ ಹಾಗೆ ನಿಂತಿದ್ದ. ಮೂಗು ಮುರಿಯಬಹುದು, ಮಾತು ಹಾರಿಸಬಹುದು, ಓಹೋ ಹಾಗೋ ಎಂದು ಕಿಟಕಿಯ ಪಕ್ಕ ಕೂರಿಸಬಹುದು. ಏಟು ಬೀಳಲಿಲ್ಲ. ನಿರ್ದೇಶಕಿ ಎರಡೂ ಕೈಯನ್ನು ಎದೆಗೆ ಒತ್ತಿಕೊಂಡರು.

"ದೇವರೇ! ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?"

"ಎಂಥ ಕಥೆ!" ಎಂದರು ಅಧ್ಯಕ್ಷರು. ಬಂದು ಅವನ ಭುಜ ಹಿಡಿದರು. "ತಾಯಿಯವರು ಇದ್ದಾರೆ ಅಂದ್ರಾ? ಎಂಥ ಭಾಗ್ಯ. ಅವರ ಕೈಗಳ ಫೋಟೋ ತೆಗೆಸೋಣ. ದೊಡ್ಡದಾಗಿ. ಬಾಗಿಲಲ್ಲೇ."

"ಕಪ್ಪು ಬಿಳುಪಿನಲ್ಲಿ," ಎಂದರು ನಿರ್ದೇಶಕಿ. "ಬರೀ ಕೈಗಳು. ಮುಖ ಬೇಡ. ಮುಖ ಬಂದ್ರೆ ಒಬ್ಬರದ್ದಾಗುತ್ತೆ, ಕೈ ಅಂದ್ರೆ ಎಲ್ಲರದ್ದು. ಛಾಯಾಗ್ರಾಹಕ ಇವತ್ತು ಹೇಗೂ ಬರ್ತಿದಾನೆ, ಸಂಜೆ ಮನೆಗೇ ಕಳಿಸ್ತೀನಿ. ನೀವು ಈಗಲೇ ಹೋಗಿ ಅಮ್ಮನ್ನ ಒಂದು ಮಾತು ಕೇಳಿಬಿಡಿ. ನಾರನ್ನೂ ಸ್ವಲ್ಪ, ಒಂದು ಗೇಣಿನಷ್ಟು, ಗಾಜಿನ ಪೆಟ್ಟಿಗೇಲಿ ಇಡೋಣ."

"ಮತ್ತೆ ಬಲಗಡೆ?" ಅವನ ದನಿ ಅವನಿಗೇ ಕೇಳಲಿಲ್ಲ.

"ಮಧ್ಯಾಹ್ನ ಶುರು ಮಾಡ್ಲಿ. ಮಾದರಿಗೆ ಒಂದು ತುಂಡು ಎತ್ತಿಟ್ಟು ಉಳಿದದ್ದು ತೆಗೀಲಿ."

ಅವನು ನಕ್ಕ. ಅದು ಆಮೇಲೆ, ಮನೆಯ ದಾರಿಯಲ್ಲಿ, ಅವನನ್ನು ಅಡಿಗಡಿಗೆ ಕಚ್ಚಿದ ಸಂಗತಿ. ಅವರಿಬ್ಬರ ಮುಖ ಅಷ್ಟು ಬೆಳಗಿತ್ತು, ಭುಜದ ಮೇಲಿನ ಕೈ ಅಷ್ಟು ಬೆಚ್ಚಗಿತ್ತು, ಅವನು ಹಲ್ಲು ಬಿಟ್ಟು ನಕ್ಕು, ಆಯ್ತು ಸಾರ್, ಕೇಳ್ತೀನಿ, ಎಂದುಬಿಟ್ಟಿದ್ದ. ಬಿರುಕಿನ ಮಾತು ಹೊಟ್ಟೆಗೆ ವಾಪಸು ಹೋಗಿತ್ತು. ಬಚ್ಚಿಟ್ಟದ್ದನ್ನು ಹೇಳಿದರೆ ಬೆಂಕಿ ಬೀಳುತ್ತದೆ ಎಂದು ಜೀವನವಿಡೀ ಹೆದರಿದವನಿಗೆ, ಹೇಳಿದ ಮೇಲೆ ಚಪ್ಪಾಳೆ ಬೀಳುತ್ತದೆ ಎಂದು ಯಾರೂ ಎಚ್ಚರಿಸಿರಲಿಲ್ಲ. ಬೈದು ದೂರ ಇಟ್ಟವರ ಕಾಲ ಮುಗಿದಿತ್ತು. ಇವರು ಎದೆಗೊತ್ತಿಕೊಳ್ಳುವವರು. ಹೆಂಗಸಿನ ಕೈಯನ್ನು ಬಾಗಿಲಲ್ಲಿ ತೂಗುಹಾಕಿ, ಆ ಕೈ ಮಾಡಿದ್ದನ್ನು ಹಿತ್ತಿಲಿಗೆ ಸುರಿಯುವವರು. ಮುಖ ಬೇಡವಂತೆ. ಸಿಟ್ಟು ಬಂತು, ಆದರೆ ಯಾರ ಮೇಲೆ ಎಂದು ಹುಡುಕಿದರೆ ಎಲ್ಲ ದಾರಿಯೂ ಸುತ್ತಿ ಬಳಸಿ ಅವನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಕೊಕ್ಕೆ ಹಾಕಿಸಿದವನು ಯಾರು? ಮನೆ ಎದುರಿನ ಅಂಗಡಿಯವನು ಬಾಗಿಲು ತೊಳೆಯುತ್ತಿದ್ದ, ಆ ನೀರು ದಾಟುವಾಗ ಅಧ್ಯಕ್ಷರ ಹಾಗೆಯೇ ತಾನೂ ಬೆಕ್ಕಿನ ಹೆಜ್ಜೆ ಹಾಕಿದ್ದು ಕಂಡು ಬೇಕೆಂದೇ ನೀರಿನ ನಡುವೆ ಕಾಲಿಟ್ಟ. ಬೂಟು ನೆನೆಯಿತು. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಾಗ ಹೆಂಡತಿ ಅಮ್ಮನ ಬೆರಳುಗಳಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದಳು. ಆಸ್ಪತ್ರೆಯಲ್ಲಿ ದಾದಿ, ಮಧ್ಯಾಹ್ನದ ಪಾಳಿಗೆ ಹೊರಡುವ ಮುಂಚೆ ಇದನ್ನು ತಪ್ಪಿಸುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ, ಅತ್ತೆಯ ಕೈ ಯಾಕೆ ಹೀಗೆ ಎಂದು ಅವಳು ಕೇಳಿದಾಗ, ವಾತ, ಎಂದು ಅವನು ಹೇಳಿದ್ದ. ಅಮ್ಮ ಪಕ್ಕದಲ್ಲೇ ಕೂತಿದ್ದಳು. ಅವನ ಮುಖವನ್ನು ಒಂದು ಗಳಿಗೆ ನೋಡಿ, "ಹೌದಮ್ಮ, ವಾತ. ನಮ್ಮ ಮನೆತನದ್ದು," ಎಂದಿದ್ದಳು. ಅಂದಿನಿಂದ ಇಂದಿನವರೆಗೆ ಆ ಇಲ್ಲದ ವಾತಕ್ಕೆ ಬಿಸಿನೀರು ಬಿದ್ದಿತ್ತು, ಎಣ್ಣೆ ಬಿದ್ದಿತ್ತು, ಮಾತ್ರೆಯೂ ಹೋಗಿತ್ತು. ಮಗನ ಸುಳ್ಳನ್ನು ಅವಳು ಔಷಧದ ಹಾಗೆ ಹೊತ್ತು ಹೊತ್ತಿಗೆ ನುಂಗಿದ್ದಳು.

"ಏನಿದು ಇಷ್ಟು ಹೊತ್ತಿಗೆ? ಕೆಲಸದಿಂದ ಓಡಿಸಿದ್ರಾ?" ಎಂದಳು ಅಮ್ಮ.

ಅವನು ನಿಂತುಕೊಂಡೇ ಹೇಳಿದ. ದೋಣಿಯೊಂದು ಸಿಕ್ಕಿದೆ, ಹಳೆಯ ಹೊರೆದೋಣಿ, ಅದರಲ್ಲಿ ನಿಮ್ಮ ಕೊಟ್ಟಿಗೆಯ ನಾರು ಇತ್ತು, ಅವರಿಗೆ ಗೊತ್ತಾಗಿದೆ, ನಿನ್ನ ಕೈಯ ಫೋಟೋ ಬೇಕಂತೆ. ಹೆಂಡತಿ ಬಟ್ಟೆ ಹಿಂಡುತ್ತಿದ್ದವಳು ಹಾಗೇ ನಿಂತಳು. ಅವಳ ಕಣ್ಣು ಅತ್ತೆಯ ಬೆರಳಿನಿಂದ ಗಂಡನ ಮುಖಕ್ಕೆ ಬಂತು, ಅಲ್ಲಿಂದ ಮತ್ತೆ ಬೆರಳಿಗೆ ಹೋಯಿತು. ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿದಳು.

"ಮುಳುಗಿದ್ದು ಸಿಕ್ತಾ?" ಎಂದಳು ಅಮ್ಮ. ಮುಖ ಅರಳಿತು. "ಅದು ಮುಳುಗಿದ ದಿನ ನಾವೆಲ್ಲ ದಕ್ಕೆ ಮೇಲೆ ನಿಂತು ನೋಡಿದೀವಿ. ನಮ್ಮನ್ನ ಕೆಲಸದಿಂದ ಬಿಡಿಸಿ ವರ್ಷ ತುಂಬಿರ್ಲಿಲ್ಲ. ಇನ್ನು ನಾರು ಯಾತಕ್ಕೆ, ಯಂತ್ರ ಬಂತಲ್ಲ, ಅಂತ ಅಂದಿದ್ರು. ಕಟ್ಟಿ ಹಾಕಿದ ಕಡೇನೇ ನಿಂತು ನಿಂತು ಕುಡೀತು ನೋಡು ನೀರು, ಕುಡಿದೂ ಕುಡಿದೂ ಕೂತೇಬಿಡ್ತು. ಕುಂಟಿ ಅಂತ ಒಬ್ಬಳಿದ್ಲು ನನ್ನ ಜೊತೆ, ಅವಳು ಕೈ ತಟ್ಟಿಬಿಟ್ಲು. ಬಾಯಿ ಮುಚ್ಚೇ ಅಂತ ನಾನೇ ಗದರಿದೆ." ನಕ್ಕಳು. ನಗು ಕೆಮ್ಮಿಗೆ ತಿರುಗಿತು. "ಈಗ ಎತ್ತಿದಾರಾ? ನಾರು ಹಾಗೇ ಇತ್ತಾ?"

"ಇತ್ತು."

"ಇತ್ತು ಅಂದ್ರೆ?"

"ಎಡಗಡೆದು ಕಿತ್ತಿದಾರೆ. ಬಲಗಡೆದು ಮಧ್ಯಾಹ್ನ ಕೀಳ್ತಾರೆ."

"ಯಾರು ಕೀಳಿಸಿದ್ದು?"

ಹೆಂಡತಿ ಬಟ್ಟೆಯನ್ನು ಬೆರಳ ಸುತ್ತ ಸುತ್ತುತ್ತಿದ್ದಳು, ತುಂಬ ಮೆಲ್ಲಗೆ, ಹೊಸದಾಗಿ ನೋಡಿದ ವಸ್ತುವನ್ನು ಸುತ್ತುವ ಹಾಗೆ. ಅವನು ಆ ಬಟ್ಟೆಯಿಂದ ಏಳುತ್ತಿದ್ದ ಹಬೆಯನ್ನು ನೋಡುತ್ತ, "ನಾನು," ಎಂದ.

"ಯಾಕೋ?"

"ವಾಸನೆ ಬರ್ತಿತ್ತು."

ಅಮ್ಮ ಬೈಯಲಿಲ್ಲ. ಬೈದರೆ ತೀರುತ್ತಿತ್ತು. ಹೆಂಡತಿಯ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಅಂಗೈಯನ್ನು ಮೂಗಿನ ಹತ್ತಿರ ತಂದು, ಮಗು ಮಾಡುವ ಹಾಗೆ ಉಸಿರೆಳೆದು ನೋಡಿದಳು.

"ಹೋಯ್ತಾ?" ಎಂದು ಕೇಳಿದಳು. ಕುಟುಕಲು ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಅವನು ಮಾತಾಡದಿದ್ದಾಗ ಎರಡು ಕೈಯನ್ನೂ ಶಾಲಿನೊಳಗೆ ಎಳೆದುಕೊಂಡಳು, ಕತ್ತಿನವರೆಗೂ ಹೊದ್ದುಕೊಂಡಳು. "ಫೋಟೋದ ಕೆಳಗೆ ಏನಂತ ಬರೀತಾರಂತೆ? ವಾತ ಅಂತನಾ?"

ಹೆಂಡತಿಯ ಬಾಯಿಂದ ಒಂದು ಸದ್ದು ಬಂತು, ನಗುವೋ ಅಳುವೋ ತಿಳಿಯದ್ದು. ಬಿಸಿನೀರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

"ಹೋಗು, ಕೆಲಸಕ್ಕೆ ತಡ ಆಗುತ್ತೆ," ಎಂದಳು ಅಮ್ಮ. ಶಾಲೆಯ ದಿನಗಳಲ್ಲಿ ಹೇಳುತ್ತಿದ್ದ ದನಿಯಲ್ಲೇ. "ಬರೋನಿಗೆ ಹೇಳು. ಈ ಕೈ ಮನೇಲಿಲ್ಲ ಅಂತ ಹೇಳು."

ಷೆಡ್ಡಿನಲ್ಲಿ ಊಟ ಮುಗಿಸಿದ ಕೆಲಸಗಾರರು ಬಲಮೈಯ ಕಡೆ ಹಲಗೆ ಹಾಸಿ ನಿಲ್ಲುತ್ತಿದ್ದರು. ಕೊಕ್ಕೆಗಳು ಸಾಲಾಗಿದ್ದವು, ಮೇಸ್ತ್ರಿ ಹೇಳಿದಂತೆ ಚೆನ್ನಾಗಿ ಮಸೆದಿದ್ದವು. ಅವನು ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿ, ಒಂದು ಕೊಕ್ಕೆ ತೆಗೆದುಕೊಂಡು ದೋಣಿಯ ಹಿಂದಿನಿಂದ ಸುತ್ತಿ ಬಂದು, ಎಡಮೈಯ ಬಿಳಿ ಗೆರೆಯೊಂದಕ್ಕೆ ಅದರ ತುದಿ ಇಟ್ಟು ಎಳೆದ. ಪುಟ್ಟಿ ಕೀರಲು ದನಿಯಲ್ಲಿ ಕಿರುಚಿತು. ಬಿಳಿಯ ಚೂರೊಂದು ಹಾರಿ ಅವನ ಹಲ್ಲಿಗೆ ತಗುಲಿತು.

"ಸಾರ್," ಮೇಸ್ತ್ರಿ ಓಡಿ ಬಂದ. "ಸಾರ್, ಆ ಕಡೆ ಅಲ್ಲ. ಬಲಗಡೆ."

"ಈ ಕಡೆನೇ."

"ತುಂಬಿ ಒಣಗಿದ್ದನ್ನ ತೆಗೀತಾರಾ? ಬಿಸಿಲು ಏನಾದ್ರೂ ತಲೆಗೆ..."

"ಒಳಗೆ ಹೋಗಿ ನೋಡು. ಬಾಗಿನ ಹತ್ತಿರ ಪಕ್ಕೆಲುಬು ಬಿರಿದಿದೆ. ಬೆಳಿಗ್ಗೆ ನಾನು ಮುಚ್ಚಿ ನಿಂತಿದ್ದೆನಲ್ಲ, ಅದೇ ಜಾಗ. ಪುಟ್ಟಿ ಇವತ್ತು ಹೊರಗೆ ಬರದಿದ್ರೆ ಪಕ್ಕದ್ದೂ ಬಿರಿಯುತ್ತೆ."

ಮೇಸ್ತ್ರಿ ಒಳಗೆ ಹೋಗಿ ಬಂದ. ಬಂದವನ ಮುಖದಲ್ಲಿ ತಮಾಷೆ ಇರಲಿಲ್ಲ. "ತಪ್ಪು ಯಾರದು ಅಂತ ಕೇಳ್ತಾರೆ ಸಾರ್. ನಮ್ಮ ತಲೆಗೆ ಬರುತ್ತೆ."

"ನಂದು ಅನ್ನು. ನಾನೂ ಅದನ್ನೇ ಹೇಳ್ತೀನಿ."

"ಯಾಕೆ ಹಾಗೆ ಮಾಡಿಸಿದ್ರಿ ಅಂದ್ರೆ?"

ಅವನು ಕೊಕ್ಕೆ ಎಳೆಯುತ್ತಲೇ ಇದ್ದ. ಮೇಜಿನ ಹಿಂದೆ ಕೂತು ಮೆತ್ತಗಾದ ಕೈ. ಅಂಗೈಯ ಬುಡದಲ್ಲಿ ಆಗಲೇ ಗುಳ್ಳೆ ಎದ್ದಿತ್ತು. "ಎಡಗಡೆ ಕಿತ್ತ ನಾರು ಎಲ್ಲಿದೆ?"

"ಹಿಂದೆ, ಮೂಟೆಗಳಲ್ಲಿ. ನೀವೇ ಬಿಸಾಡಬೇಡಿ, ಇರಲಿ ಅಂದ್ರಲ್ಲ. ಯಾಕೆ ಅಂತ ನಾವೂ ಕೇಳ್ಲಿಲ್ಲ."

ಅವನಿಗೂ ಆಗ ಯಾಕೆಂದು ಗೊತ್ತಿರಲಿಲ್ಲ. "ತಗೊಂಡು ಬಾ. ನೀರು ಚಿಮುಕಿಸಿ ಬಿಡಿಸಬೇಕು. ಉಪಯೋಗಕ್ಕೆ ಬರೋದು ಬರುತ್ತೆ, ಬಾರದ್ದಕ್ಕೆ ಹೊಸ ಹಗ್ಗ ತರಿಸೋಣ."

"ಬಿಡಿಸೋದು ಯಾರು?"

"ನನಗೆ ಬರುತ್ತೆ," ಎಂದ. ಬರುತ್ತಿತ್ತು. ರಜೆಯ ದಿನಗಳಲ್ಲಿ ಅಮ್ಮನ ಪಕ್ಕ ಕೂತು ಬಿಡಿಸಿದ್ದ, ಆರೇಳು ವರ್ಷದವನಿದ್ದಾಗ, ವಾಸನೆಗೆ ಇನ್ನೂ ಹೆಸರಿಲ್ಲದಿದ್ದಾಗ.

ಮೇಸ್ತ್ರಿ ಬಲಮೈಯ ಕಡೆ ತಿರುಗಿ, "ಇಳೀರೋ ಎಲ್ಲ. ಅಲ್ಲಿ ಮುಟ್ಟಬೇಡಿ," ಎಂದು ಕೂಗಿ, ಮೂಟೆಗಳ ಕಡೆ ನಡೆದ.

ನಿರ್ದೇಶಕಿ ಛಾಯಾಗ್ರಾಹಕನನ್ನು ಕರೆದುಕೊಂಡು ಬಂದಾಗ ನೆಲದ ತುಂಬ ಬಿಳಿ ಚೂರು ಬಿದ್ದಿತ್ತು. ಅವರು ಬಾಯಿ ತೆರೆದರು, ಮುಚ್ಚಿದರು. "ಏನಿದು? ಅಮ್ಮ ಒಪ್ಪಿದ್ರಾ?" ಎಂದರು, ಎರಡು ಪ್ರಶ್ನೆಯಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂದು ಅವರಿಗೇ ತಿಳಿದಂತಿರಲಿಲ್ಲ.

"ಅಮ್ಮನ ಕೈ ಸಿಗಲ್ಲ," ಎಂದ ಅವನು. "ಒಳಗೆ ಒಂದು ಬಿರುಕಿದೆ. ಅದರ ಫೋಟೋ ತೆಗೀರಿ. ಅದನ್ನ ಮಾಡಿದ್ದು ನಾನು. ಬೆಳಿಗ್ಗೆನೇ ಹೇಳಬೇಕಿತ್ತು. ಅಧ್ಯಕ್ಷರು ಭುಜ ಮುಟ್ಟಿದ್ರಲ್ಲ, ಅದಕ್ಕೇ ಹೇಳಲಿಲ್ಲ."

"ಅಧ್ಯಕ್ಷರಿಗೆ ನಾನು ಏನಂತ ಹೇಳ್ಲಿ? ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ, ಅರ್ಥ ಆಗ್ತಿದ್ಯಾ?"

"ಆಗ್ತಿದೆ."

ಮೇಸ್ತ್ರಿ ಮೊದಲ ಮೂಟೆಯನ್ನು ಎಳೆದು ತಂದು ಅವರ ನಡುವೆಯೇ ಕೆಡವಿ, ಬಾಯಿ ಬಿಚ್ಚಿದ. ಅದು ಎದ್ದು ಬಂತು. ಡಾಂಬರು, ಉಪ್ಪು, ಕೊಳೆತ ಹಗ್ಗ, ಅದರ ಕೆಳಗಿನದೂ. ನಿರ್ದೇಶಕಿ ಒಂದು ಹೆಜ್ಜೆ ಹಿಂದೆ ಸರಿದರು. ಛಾಯಾಗ್ರಾಹಕ ತೋಳಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಕ್ಯಾಮೆರಾವನ್ನು ಎದೆಗೆ ಅವಚಿಕೊಂಡ. ಅವನು ಕೊಕ್ಕೆ ಕೆಳಗಿಟ್ಟು, ಮೂಟೆಯ ಪಕ್ಕ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ. ಕರಿಯ ಉಂಡೆಯೊಂದನ್ನು ಎತ್ತಿ ತೊಡೆಯ ಮೇಲಿಟ್ಟು ಅಂಗೈಯಿಂದ ಉರುಳಿಸಿದ. ಬಿಳಿಯ ಪ್ಯಾಂಟಿನ ಮೇಲೆ ಕಪ್ಪು ಹರಡಿತು. ಉಗುರು ಹಾಕಿ ಸಿಗಿದ. ಮೊದಲನೆಯ ಎಳೆ ಬರಲಿಲ್ಲ, ಎರಡನೆಯದು ಬಂತು.

"ಅಬ್ಬಾ," ಎಂದ ಛಾಯಾಗ್ರಾಹಕ, ತೋಳಿನ ಹಿಂದಿನಿಂದ. "ಈ ವಾಸನೆ ಹೋಗಲ್ವಾ ಸಾರ್?"

ಅವನು ತಲೆಯೆತ್ತಲಿಲ್ಲ.

"ಹೋಗಿಲ್ಲ," ಎಂದ, ಬೇರೆ ಯಾರಿಗೋ ಹೇಳುವ ಹಾಗೆ.